ಸಿಟಿಜನ್‌ಶಿಪ್ ಅರ್ಜಿಗೆ ಲಾಯರ್ ಬೇಕಾ? ನಾನು ಒಂದು ಗಂಟೆಗೆ ಮಾತ್ರ ದುಡ್ಡು ಕೊಟ್ಟೆ

ಅಮೆರಿಕದ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಬೇಕು ಅಂತ ಹೊರಟಾಗ ಅರ್ಧ ಜನ "ಸುಮ್ನೆ ಲಾಯರ್‌ಗೆ ಯಾಕೆ ದುಡ್ಡು ಸುರೀತೀರಾ, ಅದು ಬರೀ ಫಾರ್ಮ್ ತುಂಬೋ ಕೆಲಸ" ಅಂದರು. ಉಳಿದರ್ಧ ಜನ "ಇಷ್ಟು ವರ್ಷ ಕಾದಿದ್ದೀರಿ, ದಡಕ್ಕೆ ಬಂದು ಮುಳುಗಬೇಡಿ" ಅಂದರು. ನನ್ನ ಕಾಗದಪತ್ರ ಮಾತ್ರ ಯಾರೂ ನೋಡಿರಲಿಲ್ಲ.

ಮೊದಲು ಫೋನ್ ಮಾಡಿದ ಲಾಯರ್ ಆಫೀಸಿನವರೂ ಅಷ್ಟೇ. ನನ್ನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಒಬ್ಬರಿಗೆ 1,800 ಡಾಲರ್ ಅಂದುಬಿಟ್ಟರು. ಸರ್ಕಾರದ ಶುಲ್ಕ ಬೇರೆ. ನಾವು ಅರ್ಜಿ ಹಾಕಿದ್ದು 2024ರ ಜೂನ್‌ನಲ್ಲಿ, ಆಗ ಆನ್‌ಲೈನ್ ಆದರೆ 710, ಕಾಗದದಲ್ಲಾದರೆ 760 ಡಾಲರ್. ಏನೂ ಕೇಳದೆ ರೇಟು ಹೇಳುವವರ ಹತ್ತಿರ ಹೋಗಬಾರದು ಅಂತ ಆವತ್ತೇ ತೀರ್ಮಾನಿಸಿದೆ.

ಮೊದಲು ಎನ್-400 ಫಾರ್ಮನ್ನು, ಅಂದರೆ ಸಿಟಿಜನ್‌ಶಿಪ್ ಅರ್ಜಿಯನ್ನು, ನಾವೇ ಪೂರ್ತಿ ತುಂಬೋಣ, ಕಳಿಸೋದು ಬೇಡ, ಎಲ್ಲಿ ಕೈ ನಡುಗುತ್ತೋ ನೋಡೋಣ ಅಂತ ಕೂತೆವು. ನನ್ನ ಹೆಂಡತಿಯದು ಒಂದೇ ಸಂಜೆಯಲ್ಲಿ ಮುಗಿಯಿತು. ಒಂದೇ ಕೆಲಸ, ಎರಡು ಮೂರು ವಾರದ ಪ್ರವಾಸಗಳು, ಟ್ಯಾಕ್ಸ್ ಎಲ್ಲ ಸರಿ. ಅವಳಿಗೆ ಒಂದು ಸ್ಪೀಡಿಂಗ್ ಟಿಕೆಟ್ ಇತ್ತು, ಅದೇ ಅವಳ ಚಿಂತೆ. ಫಾರ್ಮಿನ ಸೂಚನೆ ಓದಿದರೆ, ಅರೆಸ್ಟ್ ಆಗದೆ, ಕುಡಿತ-ಡ್ರಗ್ಸ್ ಸಂಬಂಧ ಇಲ್ಲದೆ, ದಂಡ 500 ಡಾಲರಿಗಿಂತ ಕಡಿಮೆ ಇದ್ದರೆ ದಾಖಲೆ ಲಗತ್ತಿಸಬೇಕಾಗಿಲ್ಲ ಅಂತ ಇತ್ತು. ಟಿಕೆಟ್ ಇದ್ದಿದ್ದನ್ನು ಮುಚ್ಚಿಡದೆ ಬರೆದೆವು, ಅಷ್ಟೇ.

ನನ್ನದರಲ್ಲಿ ಸಿಕ್ಕಿಹಾಕಿಕೊಂಡಿದ್ದು ಪ್ರವಾಸದ ಪುಟದಲ್ಲಿ. ಪಾಸ್‌ಪೋರ್ಟ್ ಬಿಚ್ಚಿ ಒಂದೊಂದೇ ಸೀಲು ನೋಡ್ತಾ ತಾರೀಕು ಬರೆದುಕೊಳ್ಳುತ್ತಿದ್ದೆ. 2020ರ ಜನವರಿ 26ಕ್ಕೆ ಊರಿಗೆ ಹೋಗಿದ್ದೆ, ಅಪ್ಪನ ಆಪರೇಷನ್‌ಗೆ. ಎರಡು ತಿಂಗಳಿಗೆ ಅಂತ ಹೋದವನು ಮಾರ್ಚ್‌ನಲ್ಲಿ ವಿಮಾನಗಳೇ ನಿಂತು ಅಲ್ಲೇ ಉಳಿದೆ. ವಾಪಸ್ ಬಂದ ಸೀಲು ಆಗಸ್ಟ್ 7. ಹೆಂಡತಿ ಎರಡು ಸಲ ಎಣಿಸಿ "ರೀ, 194 ದಿನ ಆಗುತ್ತೆ" ಅಂದಳು. ಆರು ತಿಂಗಳು ದಾಟಿತ್ತು.

ಇದು ಯಾಕೆ ದೊಡ್ಡ ವಿಷಯ ಅಂದರೆ, ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ 30 ತಿಂಗಳು ದೇಶದೊಳಗೆ ಇದ್ದರೆ ಸಾಕು ಅಂತ ತುಂಬಾ ಜನ ತಿಳಿದಿರುತ್ತಾರೆ. ಅದು ಒಂದು ಲೆಕ್ಕ. ವಾಸ ಮುರಿಯದೆ ಮುಂದುವರಿದಿದೆಯಾ ಅನ್ನೋದು ಬೇರೆಯೇ ಲೆಕ್ಕ. ಒಂದೇ ಪ್ರವಾಸ ಆರು ತಿಂಗಳು ದಾಟಿದರೆ ವಾಸ ಮುರಿದಿದೆ ಅಂತಲೇ ಹಿಡಿಯುತ್ತಾರೆ, ಅಲ್ಲ ಅಂತ ತೋರಿಸೋದು ನಮ್ಮ ಕೆಲಸ. ಒಂದು ವರ್ಷ ದಾಟಿದರೆ ಆ ಅವಕಾಶವೂ ಸಾಮಾನ್ಯವಾಗಿ ಇಲ್ಲ.

ಇದೊಂದೇ ಪ್ರಶ್ನೆ ಹಿಡಿದುಕೊಂಡು ಇನ್ನೊಬ್ಬ ಲಾಯರ್ ಹತ್ತಿರ ಒಂದು ಗಂಟೆ ಮಾತಾಡಲು 250 ಡಾಲರ್ ಕೊಟ್ಟೆ. ಅದಕ್ಕೆ ಮುಂಚೆ ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ರಾಜ್ಯದ ಬಾರ್ ಪಟ್ಟಿಯಲ್ಲಿ, ಅಂದರೆ ವಕೀಲರ ಪಟ್ಟಿಯಲ್ಲಿ, ನೋಡಿದೆ. ಇಮಿಗ್ರೇಷನ್ ಕಾನೂನು ಕೇಂದ್ರದ್ದು, ಹಾಗಾಗಿ ಲೈಸೆನ್ಸ್ ಯಾವ ರಾಜ್ಯದ್ದಾದರೂ ಆಗುತ್ತೆ. ನೋಟರಿ ಅಂತ ಬೋರ್ಡ್ ಹಾಕಿಕೊಂಡವರು ಲಾಯರ್ ಅಲ್ಲ, ಅವರ ಸಲಹೆ ನಂಬಬೇಡಿ.

ಆ ಲಾಯರ್ ನೇರವಾಗಿ ಎರಡು ದಾರಿ ಹೇಳಿದರು. 2025ರ ಫೆಬ್ರುವರಿ ಮಧ್ಯದವರೆಗೆ ಕಾದರೆ ಹಿಂದಿನ ಐದು ವರ್ಷದೊಳಗೆ ಆ ಪ್ರವಾಸದ ಆರು ತಿಂಗಳಿಗಿಂತ ಕಡಿಮೆ ಭಾಗ ಬರುತ್ತೆ, ಆಗ ಈ ಪ್ರಶ್ನೆಯೇ ಏಳಲ್ಲ. ಈಗಲೇ ಹಾಕೋದಾದರೆ ನಾಲ್ಕು ವಿಷಯಕ್ಕೆ ಸಾಕ್ಷಿ ಬೇಕು: ಇಲ್ಲಿನ ಕೆಲಸ ಬಿಟ್ಟಿರಲಿಲ್ಲ, ಅಲ್ಲಿ ಕೆಲಸ ಹಿಡಿದಿರಲಿಲ್ಲ, ಹೆಂಡತಿ ಮಗಳು ಇಲ್ಲೇ ಇದ್ದರು, ಮನೆ ನಮ್ಮ ಕೈಯಲ್ಲೇ ಇತ್ತು. ನನ್ನ ಹತ್ತಿರ ನಾಲ್ಕೂ ಇದ್ದವು. "ಇದಕ್ಕೆ ನಾನು ಬೇಕಾಗಿಲ್ಲ, ನೀವೇ ಹಾಕಿ" ಅಂದರು. ಆ ಮಾತು ಕೇಳಿ ಅವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಕೆಲವರು ಮಾತ್ರ ಒಂದು ಗಂಟೆಗೆ ನಿಲ್ಲಿಸಬಾರದು, ಕೇಸನ್ನೇ ಲಾಯರ್ ಕೈಗೆ ಕೊಡಬೇಕು. ಯಾವತ್ತಾದರೂ ಅರೆಸ್ಟ್ ಆಗಿದ್ದರೆ, ಕೇಸ್ ವಜಾ ಆಗಿದ್ದರೂ ಸರಿ. ಟ್ಯಾಕ್ಸ್ ಕಟ್ಟದೆ ಬಿಟ್ಟ ವರ್ಷಗಳಿದ್ದರೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಗೊತ್ತಿಲ್ಲದೆ ವೋಟರ್ ಪಟ್ಟಿಗೆ ಸೇರಿಬಿಟ್ಟಿದ್ದರೆ. ಇಂಥ ಕೆಲವು ವಿಷಯದಲ್ಲಿ ಅರ್ಜಿ ತಿರಸ್ಕಾರ ಆಗಿ ಸುಮ್ನಾಗಲ್ಲ, ದೇಶದಿಂದ ಹೊರಹಾಕುವ ಪ್ರಕ್ರಿಯೆಯೇ ಶುರುವಾಗಬಹುದು. ಆದ್ದರಿಂದ ಫಾರ್ಮ್ ಕಳಿಸುವ ಮುಂಚೆಯೇ ಹೋಗಿ. ದುಡ್ಡಿನ ತೊಂದರೆ ಇದ್ದರೆ, ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸೇವಾ ಸಂಸ್ಥೆಗಳಲ್ಲಿ ಕಡಿಮೆ ಖರ್ಚಿಗೆ ಅಧಿಕೃತ ಪ್ರತಿನಿಧಿಗಳು ಸಿಗುತ್ತಾರೆ.

ಇಂಟರ್‌ವ್ಯೂಗೆ ಒಂದು ಫೈಲ್ ಹಿಡಿದು ಹೋದೆ. ಸಂಬಳದ ಚೀಟಿ, ಬಾಡಿಗೆ ಕರಾರು, ಮಗಳ ಶಾಲೆಯ ಪತ್ರ, ರದ್ದಾದ ಟಿಕೆಟ್‌ನ ಇಮೇಲ್. ಅಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಪರೀಕ್ಷೆ ಇರುತ್ತೆ; ನನಗೆ ಹಳೇ ಪರೀಕ್ಷೆ, ಹತ್ತರಲ್ಲಿ ಆರು ಸರಿ ಹೇಳಿದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಇಪ್ಪತ್ತರಲ್ಲಿ ಹನ್ನೆರಡು ಬೇಕು. ನನ್ನ ಪರೀಕ್ಷೆ ಮುಗಿದ ಮೇಲೆ ಅಧಿಕಾರಿ 2020ರ ತಾರೀಕಿನ ಮೇಲೆ ಪೆನ್ನು ಇಟ್ಟು "ಆಗ ನಿಮ್ಮ ಮನೆಯವರು ಎಲ್ಲಿದ್ದರು?" ಅಂತ ಕೇಳಿದರು. ಶಾಲೆಯ ಪತ್ರ ಕೊಟ್ಟೆ. ಓದಿದರು, ಬಾಡಿಗೆ ಕರಾರು ಕೇಳಿದರು, ಅದನ್ನೂ ಓದಿದರು. ಆ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಮುಂದಿನ ಪುಟ ತಿರುಗಿಸಿದರು.