ಸೊರಗಿದ ಹೇಂಟೆಗೆ ಚಮಚದಲ್ಲಿ ನೀರು ಸುರಿಯಬೇಡಿ

ಮೊನ್ನೆ ನನ್ನ ಕಣ್ಣೆದುರೇ ಒಬ್ಬ ಹುಡುಗಿ ಸೊರಗಿದ ಹೇಂಟೆಯ ಕೊಕ್ಕು ಅಗಲಿಸಿ, ಚಮಚದ ತುಂಬ ನೀರನ್ನು ಗಂಟಲಿಗೆ ಸುರಿದಳು. ಕೋಳಿ ಗೊರಗುಟ್ಟಿತು, ಕತ್ತು ಚಾಚಿತು, ಅಷ್ಟೇ. ಕಾಯಿಲೆಗೆ ಉಳಿಯುತ್ತಿತ್ತೋ ಏನೋ, ನೀರಿಗೆ ಹೋಯಿತು. ಚೆನ್ನಾಗಿ ಬೈದೆ. ಆಮೇಲೆ ಪಾಪ ಅನ್ನಿಸಿತು. ಅವಳ ವಯಸ್ಸಿನಲ್ಲಿ ನಾನೂ ಹಾಗೇ ಒಂದನ್ನು ಕಳೆದುಕೊಂಡಿದ್ದೆ.

ಕೋಳಿ ತನಗೆ ಹುಷಾರಿಲ್ಲ ಅಂತ ತೋರಿಸಿಕೊಳ್ಳುವುದಿಲ್ಲ. ತೋರಿಸಿದರೆ ಉಳಿದವು ಕುಕ್ಕಿ ಸಾಯಿಸುತ್ತವೆ. ಹಾಗಾಗಿ ಗರಿ ಉಬ್ಬಿಸಿಕೊಂಡು, ಬಾಲ ಇಳಿಬಿಟ್ಟು, ಹಗಲಲ್ಲೇ ತೂಕಡಿಸುತ್ತಿದೆ ಅಂದರೆ ಕಾಯಿಲೆ ಬಂದು ಎರಡು ಮೂರು ದಿನವೇ ಆಗಿರುತ್ತದೆ. ದಿನಾ ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಒಂದು ನಿಮಿಷ ನಿಂತು ನೋಡಿ. ಜುಟ್ಟಿನ ಬಣ್ಣ, ಹಿಕ್ಕೆಯ ಬಣ್ಣ, ಯಾರು ಕೊನೆಗೆ ಹೊರಬಂದರು, ಇಷ್ಟು ಸಾಕು. ಮೈ ಮುಟ್ಟಿ "ಅಯ್ಯೋ, ಜ್ವರ" ಅಂತ ನಿಮ್ಮ ಮಾತ್ರೆ ಪುಡಿ ಮಾಡಿ ತಿನ್ನಿಸಬೇಡಿ. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದು ನಮ್ಮ ಕೈಗೆ ಯಾವಾಗಲೂ ಸುಡುವುದೇ.

ಮೊದಲು ಬೇರೆ ಇಡಿ. ಗಾಳಿ ಹೊಡೆಯದ ಬೆಚ್ಚಗಿನ ಮೂಲೆ, ಕೆಳಗೆ ಹಳೇ ಬಟ್ಟೆ. ಹಿಕ್ಕೆ ಕಾಣುವ ಹಾಗೆ ಬಟ್ಟೆ ತಿಳಿ ಬಣ್ಣದ್ದಿರಲಿ. ಉಳಿದ ಕೋಳಿಗಳ ದನಿ ಕೇಳಿಸಲಿ, ಉಸಿರು ತಾಕಬಾರದು.

ಇನ್ನು ನೀರು. ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಕೋಳಿಯ ನಾಲಿಗೆಯ ಬುಡದಲ್ಲೇ ಉಸಿರಿನ ಕೊಳವೆಯ ಬಾಯಿ ಇದೆ. ಸುರಿದ ನೀರು ನೇರ ಅಲ್ಲಿಗೇ ಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ. ಉಪ್ಪು ಬೆರಳ ತುದಿಗೆ ಅಂಟಿದಷ್ಟೇ. ಹೇಂಟೆಯನ್ನು ಕೂಸಿನ ಹಾಗೆ ಟವಲ್ಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ಎದೆ ಬಿಗಿಯಬೇಡಿ. ಎದೆಗೂಡು ಹಿಗ್ಗದಿದ್ದರೆ ಅದಕ್ಕೆ ಉಸಿರೇ ಇಲ್ಲ. ಎಡ ಕಂಕುಳಲ್ಲಿ ಇಟ್ಟುಕೊಂಡು ಕೂತುಕೊಳ್ಳಿ. ತಲೆ ಎತ್ತಿ ಹಿಡಿಯಲೇಬೇಡಿ, ಅದು ಹೇಗಿರುತ್ತದೋ ಹಾಗೇ ಇರಲಿ. ಬೆರಳು ಅದ್ದಿ, ಮೇಲಿನ ಕೊಕ್ಕು ಕೆಳಗಿನ ಕೊಕ್ಕು ಸೇರುವ ಗೆರೆ ಇದೆಯಲ್ಲ, ಅಲ್ಲಿ ಹೊರಗಿನಿಂದ, ತುದಿಯ ಹತ್ತಿರ ಒಂದೇ ತೊಟ್ಟು ತಾಗಿಸಿ. ಕೊಕ್ಕು ತೆರೆಯುವುದೇ ಬೇಡ. ತೊಟ್ಟು ತಾನೇ ಒಳಗೆ ಜಿನುಗುತ್ತದೆ. ಕೋಳಿ ಚಪ್ ಚಪ್ ಅಂತ ಮಾಡಿ ನುಂಗುತ್ತದೆ. ಅದು ನುಂಗಿದ್ದು ಕಣ್ಣಿಗೆ ಕಂಡ ಮೇಲೆಯೇ ಇನ್ನೊಂದು ತೊಟ್ಟು. ಹತ್ತು ಹದಿನೈದು ಆದ ಮೇಲೆ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ನುಂಗುತ್ತಲೇ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಪಶುವೈದ್ಯರ ಹತ್ತಿರ ಒಯ್ಯಿರಿ. ಒಲೆ ಮೇಲೆ ಹಾಲು ಉಕ್ಕಿದರೂ ಅತ್ತೆ ಏಳುತ್ತಿರಲಿಲ್ಲ. "ಹಾಲು ನಾಳೆಯೂ ಬರುತ್ತೆ" ಅನ್ನುತ್ತಿದ್ದರು. ಈಗಿನವರಿಗೆ ಹತ್ತು ನಿಮಿಷ ಕೂರಲು ಪುರುಸೊತ್ತಿಲ್ಲ, ಅದಕ್ಕೇ ಚಮಚ.

ಬೆಳಗ್ಗೆ ಏಳುತ್ತಲೇ ಕತ್ತಿನ ಕೆಳಗಿನ ಕಾಳಿನ ಚೀಲ ಮುಟ್ಟಿ ನೋಡಿ. ಖಾಲಿ ಇರಬೇಕು. ಹಿಟ್ಟಿನ ಮುದ್ದೆಯ ಹಾಗೆ ತುಂಬಿಯೇ ಇದ್ದರೆ ತಿನ್ನಲು ಕೊಡಬೇಡಿ. ತಲೆಕೆಳಗೆ ಹಿಡಿದು ಹಿಂಡುವ ಬುದ್ಧಿವಂತಿಕೆಯೂ ಬೇಡ.

ಕೆಲಸದ ಸರದಿ ಮರೆಯಬೇಡಿ. ಮೊದಲು ಆರೋಗ್ಯವಾಗಿರುವ ಕೋಳಿಗಳು, ಕಾಯಿಲೆಯದು ಕೊನೆಗೆ. ಅದಕ್ಕೇ ಬೇರೆ ಚಪ್ಪಲಿ, ಬೇರೆ ಬಟ್ಟಲು. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಗೂಡಿಗೆ ಬ್ಲೀಚಿಂಗ್ ನೀರು ಎರಚುವವರು ಮೊದಲು ಹಿಕ್ಕೆ ಕೆರೆದು, ಸೋಪು ಹಾಕಿ ಉಜ್ಜಿ. ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ನೀರು ದಂಡ. ಗುಡಿಸದೆ ನೆಲ ಒರೆಸುವವರೂ ಹೀಗೇ, ಧೂಳನ್ನು ಕೆಸರು ಮಾಡಿ ಮನೆಯೆಲ್ಲ ಬಳಿಯುತ್ತಾರೆ. ನಮ್ಮ ಸೊಸೆಗೆ ಹೇಳಿ ಹೇಳಿ ಸಾಕಾಯಿತು! ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು. ಅದರ ಬೀಜ ಬ್ಲೀಚಿಂಗಿಗೂ ಜಗ್ಗುವುದಿಲ್ಲ. ಒದ್ದೆ ನೆಲದಲ್ಲಿ ಒಂದೆರಡು ದಿನದಲ್ಲೇ ಬಲಿತು ಉಳಿದವಕ್ಕೆ ತಗಲುತ್ತದೆ. ದಿನಾ ಹಿಕ್ಕೆ ತೆಗೆಯಿರಿ, ನೆಲ ಒಣಗಿರಲಿ.

ಕತ್ತು ತಿರುಚಿಕೊಂಡರೆ, ಅಥವಾ ಒಂದರ ಹಿಂದೆ ಒಂದು ಸತ್ತರೆ ಮನೆ ಮದ್ದು ಬಿಡಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ನಿಮಗೆ ನನಗೆ ಗೊತ್ತಾಗುವುದಿಲ್ಲ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೇಯಿಸಲೂ ಬೇಡಿ. ವೈದ್ಯರಿಗೆ ತಿಳಿಸಿ. ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅಲ್ಲೇ ಕೇಳಿಕೊಳ್ಳಿ.

ಹುಷಾರಾದ ಹೇಂಟೆಯನ್ನು ಮಟಮಟ ಮಧ್ಯಾಹ್ನ ಗುಂಪಿಗೆ ಬಿಡಬೇಡಿ, ಕುಕ್ಕಿಸಿಕೊಳ್ಳುತ್ತದೆ. ಎರಡು ದಿನ ಜಾಲರಿಯ ಆಚೆ ಇಟ್ಟು ಮುಖ ಪರಿಚಯವಾಗಲಿ. ಆಮೇಲೆ ಕತ್ತಲಾದ ಮೇಲೆ, ಎಲ್ಲವೂ ಕಣ್ಣು ಮುಚ್ಚಿರುವಾಗ, ಸದ್ದಿಲ್ಲದೆ ಅವು ಕೂತು ಮಲಗುವ ಅಡ್ಡಗೋಲಿನ ಮೇಲೆ ಕೂರಿಸಿ ಬನ್ನಿ.