ನೈಟ್ರಿಕ್ ಆಮ್ಲದಲ್ಲಿ ಸುಮ್ನೆ ಕೂತ ಮೊಳೆ

ಲೋಹಕ್ಕೆ ಆಮ್ಲ ಹಾಕಿದರೆ ಜಲಜನಕ ಬರುತ್ತದೆ ಎಂದು ನಾನೂ ವರ್ಷಗಟ್ಟಲೆ ಪಾಠ ಮಾಡಿದವನೇ. ನೈಟ್ರಿಕ್ ಆಮ್ಲದ ಬಾಟಲಿ ತೆರೆದ ದಿನ ಆ ಪಾಠ ಅರ್ಧ ಕೆಟ್ಟಿತು.

ಮೊದಲು ತಾಮ್ರದ ತಂತಿ ತಗೊಂಡೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ತಣ್ಣಗೆ ಬಿದ್ದಿತ್ತು, ಒಂದು ಗುಳ್ಳೆಯೂ ಇಲ್ಲ. ತೊಳೆದು ಗಾಢ ನೈಟ್ರಿಕ್ ಆಮ್ಲಕ್ಕೆ ಹಾಕಿದೆ. ಕಂದು ಹೊಗೆ ಎದ್ದಿತು, ದ್ರಾವಣ ಹಸಿರಾಯಿತು. ತಾಮ್ರದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಶಕ್ತಿ ಆಮ್ಲದಲ್ಲಿರುವ ಜಲಜನಕದ ಅಯಾನಿಗೆ, ಅಂದರೆ ವಿದ್ಯುದಾವೇಶವಿರುವ ಕಣಕ್ಕೆ, ಇಲ್ಲ. ಇಲ್ಲಿ ಆ ಕೆಲಸ ಮಾಡುವುದು ಆಮ್ಲದ ಇನ್ನೊಂದು ಭಾಗವಾದ ನೈಟ್ರೇಟ್. ಒಂದು ತಾಮ್ರದ ಪರಮಾಣುವಿಗೆ ಆಮ್ಲದ ನಾಲ್ಕು ಅಣು ಬೇಕು. ಎರಡು ನೈಟ್ರೋಜನ್ ಡೈಆಕ್ಸೈಡ್ ಎಂಬ ಆ ಕಂದು ಅನಿಲವಾಗಿ ಹಾರಿಹೋಗುತ್ತವೆ. ಉಳಿದೆರಡರ ನೈಟ್ರೇಟ್ ಬದಲಾಗದೆ ತಾಮ್ರದ ಜೊತೆ ಉಳಿಯುತ್ತದೆ. ಸಮೀಕರಣ ಸರಿದೂಗಿಸುವಾಗ ಜಾಸ್ತಿ ಜನ ಎಡವುವುದು ಇಲ್ಲೇ.

ನೀರು ಬೆರೆಸಿದ ಆಮ್ಲದಲ್ಲಿ ನಾನೇ ಮೋಸಹೋದೆ. ಟ್ಯೂಬಿನ ಬಾಯಲ್ಲಿ ಮತ್ತೆ ಕಂದು ಬಣ್ಣ ಕಂಡಿತು. ಅದೇ ಅನಿಲ ಅಂದುಕೊಂಡು ಬರೆದಿಟ್ಟೆ. ಆಮೇಲೆ ಅನುಮಾನ ಬಂದು ನೀರಿನ ಮೇಲೆ ಸಂಗ್ರಹಿಸಿದರೆ ಜಾಡಿಯಲ್ಲಿ ಬಣ್ಣವೇ ಇಲ್ಲ! ಮುಚ್ಚಳ ಸರಿಸಿದ ಕೂಡಲೇ ಗಾಳಿ ತಾಗಿ ಕಂದಾಯಿತು. ಹುಟ್ಟಿದ್ದು ನೈಟ್ರಿಕ್ ಆಕ್ಸೈಡ್, ಕಂದಾಗಿದ್ದು ಹೊರಗೆ.

ಇದೆಲ್ಲ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಆಗಬೇಕು. ಕಂದು ಹೊಗೆ ಕುಡಿದವರು ಮೊದಲು ಬರೀ ಕೆಮ್ಮಿ ಸುಮ್ಮನಾಗಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ನಂತರ. ಒಮ್ಮೆ ಗ್ಲೌಸ್ ಇಲ್ಲದೆ ಬಾಟಲಿ ಮುಟ್ಟಿ, ಬೆರಳ ಮೇಲಿನ ಹಳದಿ ಕಲೆಯನ್ನು ಚರ್ಮ ಸುಲಿಯುವ ತನಕ ಹೊತ್ತು ತಿರುಗಿದ್ದೇನೆ.

ಜಲಜನಕ ಬರಲೇಬೇಕು ಅನ್ನುವವರಿಗೆ ಮೆಗ್ನೀಸಿಯಂ ಇದೆ. ಆಮ್ಲ ತುಂಬಾ ತೆಳು, ಸುಮಾರು ಶೇ. 1ರಷ್ಟು, ಮತ್ತು ತಣ್ಣಗಿರಬೇಕು.

ನನಗೆ ಇಷ್ಟವಾದದ್ದು ಕಬ್ಬಿಣದ ಮೊಳೆ. ಮೊದಲ ಸಲ ಹೊಗೆಯೋ ಹೊಗೆ. ನೋಡಿದರೆ ಸತು ಲೇಪಿಸಿದ ಮೊಳೆ, ನನ್ನದೇ ತಪ್ಪು. ಲೇಪವಿಲ್ಲದ್ದನ್ನು ಉಜ್ಜಿ, ಒರೆಸಿ, ಶೇ. 69ರ ಆಮ್ಲಕ್ಕೆ ಇಳಿಸಿದೆ. ಕ್ಷಣ ಕೆರಳಿದಂತೆ ಮಾಡಿ ಸುಮ್ಮನಾಯಿತು. ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ಆಕ್ಸೈಡ್ ಪದರ ಕೂತು ಆಮ್ಲವನ್ನು ತಡೆಯುತ್ತದೆ. 1836ರಲ್ಲಿ ವಿಜ್ಞಾನಿಗಳಾದ ಶೋನ್‌ಬೈನ್ ಮತ್ತು ಫ್ಯಾರಡೆ ಪತ್ರಗಳಲ್ಲಿ ಚರ್ಚಿಸಿದ್ದು ಇದನ್ನೇ.

ಆ ಮೊಳೆಯನ್ನು ಎಲ್ಲೂ ತಾಗಿಸದೆ ತೊಳೆದು ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣಕ್ಕೆ ಬಿಡುತ್ತೇನೆ. ಮಾಮೂಲಿ ಮೊಳೆಯಾದರೆ ತಕ್ಷಣ ತಾಮ್ರ ಹತ್ತಬೇಕು, ಅಲ್ವಾ? ಇದಕ್ಕೆ ಹತ್ತುವುದಿಲ್ಲ. ಆಗ ಗಾಜಿನ ಕಡ್ಡಿಯನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು, ಮೊಳೆಗೆ ಒಂದೇ ಒಂದು ಏಟು ಹಾಕು ಅನ್ನುತ್ತೇನೆ. ಪದರ ಒಡೆದು, ಏಟು ಬಿದ್ದ ಜಾಗದಿಂದ ತಾಮ್ರದ ಕೆಂಪು ಬಣ್ಣ ಮೊಳೆಯುದ್ದಕ್ಕೂ ಓಡುತ್ತದೆ.