ಪರದೆಯ ಮೂಲೆಯಲ್ಲಿ ಪುಟಿಯುವ ಸಂದೇಶಗಳಿಗೆ ತಡೆ

ಶಿರಸಿ ಪೇಟೆಯ ಅಡಿಕೆ ಧಾರಣೆ ನೋಡಲು ಯಾವುದೋ ತಾಣ ತೆರೆದಾಗ ‘ಅಲೌ’ (ಅನುಮತಿಸು) ಒತ್ತಿಬಿಟ್ಟರೆ ಸಾಕು, ಆಮೇಲೆ ತಾಣ ಮುಚ್ಚಿದ್ದರೂ ಪರದೆಯ ಬಲಮೂಲೆಯಲ್ಲಿ ಸಂದೇಶಗಳು ಪುಟಿಯುತ್ತಲೇ ಇರುತ್ತವೆ. ಬಹಳಷ್ಟು ಸಲ ಇದು ವೈರಸ್ ಅಲ್ಲ, ನಾವೇ ಕೊಟ್ಟ ಅನುಮತಿ. ಇದಕ್ಕಾಗಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವುದು ದುಡ್ಡು ದಂಡ.

ಕ್ರೋಮ್‌ನ ಮೇಲ್ಭಾಗದ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಸಾಗಿ. ಅನುಮತಿ ಪಡೆದ ತಾಣಗಳ ಪಟ್ಟಿ ಕೆಳಗಿರುತ್ತದೆ. ಗುರುತಿಲ್ಲದ ಹೆಸರಿನ ಪಕ್ಕದ ಚುಕ್ಕಿ ಒತ್ತಿ ‘ಬ್ಲಾಕ್’ ಆರಿಸಿ. ‘ರಿಮೂವ್’ ಮಾಡಿದರೆ ಅದೇ ತಾಣ ಮತ್ತೆ ಅನುಮತಿ ಕೇಳಬಹುದು. ಅದೇ ಪುಟದ ಮೇಲ್ಭಾಗದ ಆಯ್ಕೆಯಲ್ಲಿ ಯಾವ ತಾಣವೂ ಕೇಳದಂತೆ ಮಾಡಿಟ್ಟರೆ ಮನೆಯ ಹಿರಿಯರಿಗೆ ಇನ್ನೂ ನೆಮ್ಮದಿ.

ಆದರೂ ನಿಲ್ಲದಿದ್ದರೆ ಕ್ರೋಮ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳಲ್ಲಿ ಬೇಡದ್ದನ್ನು ತೆಗೆಯಿರಿ. ವಿಂಡೋಸ್ 11ರ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ದಿನಾಂಕದಂತೆ ಜೋಡಿಸಿ, ಕಾಟ ಶುರುವಾದ ಹೊತ್ತಿಗೆ ಸೇರಿದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಹಾಕಿ.

ಇಡೀ ಪರದೆ ತುಂಬಿ ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದರೆ ಖಂಡಿತ ಕರೆ ಮಾಡಬೇಡಿ. ಆಲ್ಟ್ ಮತ್ತು ಎಫ್ 4 ಒಟ್ಟಿಗೆ ಒತ್ತಿ ಮುಚ್ಚಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.